ಉಡಿದಾರ ಸಡಿಲಿಸದ ಎರಡು ತಿಂಗಳು: ಒಂದು ಮನೆಯ ಪ್ರಕರಣ

“ಮೇಡಂ, ನಮ್ಮ ಅತ್ತೆಗೆ ನೀವೇ ಒಂದು ಮಾತು ಹೇಳಿಬಿಡಿ. ನಾನು ಹೇಳಿದ್ರೆ ಕೇಳಲ್ಲ.”

ಎಂಟು ತಿಂಗಳ ಹೆಣ್ಣು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದ ಆ ತಾಯಿ, ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದ ಮಾತು ಇದು. ನಾನು ಬೆಂಗಳೂರಿನ ಒಂದು ಮಕ್ಕಳ ಕ್ಲಿನಿಕ್ಕಿನಲ್ಲಿ ಆಹಾರ ಸಲಹೆ ಕೊಡುವವಳು. ವಾರಕ್ಕೆ ಎರಡು ಸಲವಾದರೂ ಇಂಥ ಮಾತು ಕಿವಿಗೆ ಬೀಳುತ್ತದೆ. ಹೆಚ್ಚಿನ ಸಲ ಒಂದಿಷ್ಟು ಸಮಾಧಾನ ಹೇಳಿ, ಒಂದು ಹಾಳೆ ಕೊಟ್ಟು ಕಳಿಸುತ್ತೇವೆ. ಈ ಮನೆಯ ವಿಷಯದಲ್ಲಿ ಹಾಗೆ ಮಾಡಿದ್ದರೆ ದೊಡ್ಡ ತಪ್ಪಾಗುತ್ತಿತ್ತು. ಅದಕ್ಕೇ ಪೂರ್ತಿ ಬರೆದಿಡುತ್ತಿದ್ದೇನೆ. ಮನೆಯವರು ಒಪ್ಪಿದ್ದಾರೆ. ಹೆಸರು ಹಾಕಿಲ್ಲ, ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ.

ಮನೆ

ತಾಯಿಗೆ 29 ವರ್ಷ, ಕಂಪನಿ ಕೆಲಸ. ಗಂಡನಿಗೆ 33. ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್. ಗಂಡನ ಅಪ್ಪ ಅಮ್ಮ ತಿಪಟೂರಿನ ಹತ್ತಿರದ ಒಂದು ಹಳ್ಳಿಯವರು. ತೆಂಗು, ರಾಗಿ, ಒಂದು ಹಸು. ಮನೆಗೆ ಮೊಟ್ಟೆ, ಮಾಂಸ ತರುವುದಿಲ್ಲ. ಬಾಣಂತನ ಮೈಸೂರಿನ ತವರಿನಲ್ಲಿ ಆಯಿತು. ಐದನೇ ತಿಂಗಳಲ್ಲಿ ತಾಯಿ, ಮಗು ಗಂಡನ ಮನೆಗೆ ಬಂದರು. 26 ವಾರದ ಹೆರಿಗೆ ರಜೆ ಮುಗಿದ ಮೇಲೆ ಉಳಿದಿದ್ದ ರಜೆಯನ್ನೂ ಎಳೆದು, ಮಗುವಿಗೆ ಆರೂವರೆ ತಿಂಗಳಾದಾಗ ಆಕೆ ಕೆಲಸಕ್ಕೆ ಹೊರಟಳು. ಮೊಮ್ಮಗಳನ್ನು ನೋಡಿಕೊಳ್ಳಲು ಅಜ್ಜಿ, ತಾತ ಅದಕ್ಕೂ ಮೊದಲೇ ಊರಿಂದ ಬಂದಿದ್ದರು. ಹಸುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದಿದ್ದರು ಅನ್ನೋದು ನನಗೆ ಗೊತ್ತಾಗಿದ್ದು ಆಮೇಲೆ.

ಆಕೆ ಓದಿಕೊಂಡಿದ್ದಳು, ಚೆನ್ನಾಗಿಯೇ ಓದಿಕೊಂಡಿದ್ದಳು. ಆರು ತಿಂಗಳ ತನಕ ಎದೆಹಾಲು ಬಿಟ್ಟು ಬೇರೇನೂ ಕೊಟ್ಟಿರಲಿಲ್ಲ. ತವರಿನಲ್ಲಿ ಬಜೆ ತೇಯ್ದು ನೆಕ್ಕಿಸಲು ಬಂದವರನ್ನೂ ತಡೆದಿದ್ದಳು. ಆರು ತಿಂಗಳು ತುಂಬಿದ ದಿನ ಮಗುವನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮುಂದೆ ಬೇಯಿಸಿದ ಕ್ಯಾರೆಟ್ ತುಂಡು ಇಟ್ಟಳು. ಚಮಚದಲ್ಲಿ ತಿನ್ನಿಸಬಾರದು, ಮಗು ತಾನೇ ಕೈಯಿಂದ ಎತ್ತಿ ತಿನ್ನಬೇಕು ಅನ್ನೋ ಪದ್ಧತಿ. ಇಂಗ್ಲೆಂಡಿನಲ್ಲಿ ಶುರುವಾಗಿ ಈಗ ನಮ್ಮ ನಗರಗಳಿಗೂ ಬಂದಿದೆ. ಅದರಲ್ಲಿ ಒಳ್ಳೆಯ ಅಂಶಗಳಿವೆ. ಮಗು ತನ್ನ ಹಸಿವನ್ನು ತಾನೇ ಅರಿಯುತ್ತದೆ, ಯಾರೂ ಬಲವಂತವಾಗಿ ತುರುಕುವುದಿಲ್ಲ. ಆದರೆ ಕ್ಯಾರೆಟ್, ಬ್ರೊಕೊಲಿ, ಸೇಬು, ಬೆಣ್ಣೆಹಣ್ಣು ಇಷ್ಟೇ ತಟ್ಟೆಗೆ ಬರುತ್ತಿದ್ದವು. ಅನ್ನ ಇಲ್ಲ, ಬೇಳೆ ಇಲ್ಲ, ತುಪ್ಪ ಇಲ್ಲ, ರಾಗಿ ಇಲ್ಲ. ತಟ್ಟೆಯಲ್ಲಿದ್ದದ್ದರಲ್ಲೂ ಮುಕ್ಕಾಲು ಪಾಲು ನೆಲಕ್ಕೆ.

ಫ್ರಿಜ್ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದ್ದಳು. ಅದರ ಫೋಟೋ ತೋರಿಸಿದಳು. ಉಪ್ಪು ಬೇಡ. ಸಕ್ಕರೆ, ಬೆಲ್ಲ ಬೇಡ. ಜೇನು ಬೇಡ. ಹಸುವಿನ ಹಾಲು ಬೇಡ. ಗ್ರೈಪ್ ವಾಟರ್ ಬೇಡ. ಬಿಸ್ಕತ್ತು ಬೇಡ. ಫೋನ್ ತೋರಿಸಿ ತಿನ್ನಿಸೋದು ಬೇಡ. ಕೊನೆಗೆ ಕೈಯಲ್ಲಿ ಬರೆದು ಸೇರಿಸಿದ ಸಾಲು: ಗಂಜಿ, ಸರಿ ಬೇಡ. (ಸರಿ ಅಂದರೆ ಮಕ್ಕಳಿಗೆ ರಾಗಿ ಹಿಟ್ಟಿನಿಂದ ಮಾಡುವ ಮೆತ್ತನೆಯ ಊಟ.)

ಆ ಪಟ್ಟಿ ನೋಡಿದಾಗ ನನ್ನ ಎದೆ ಧಸಕ್ಕೆಂದಿತು. ಕೊನೆಯ ಸಾಲೊಂದು ಬಿಟ್ಟರೆ, ಅದು ನಮ್ಮ ಕ್ಲಿನಿಕ್ಕಿನಲ್ಲಿ ಆರು ತಿಂಗಳ ಲಸಿಕೆ ಸಮಯಕ್ಕೆ ನಾವೇ ಕೊಡುವ ಹಾಳೆ. ನಾನೇ ಬರೆದದ್ದು.

ಜಗಳ ಎದ್ದ ದಿನ

ಒಂದು ಮಧ್ಯಾಹ್ನ ಆಕೆಗೆ ತಲೆನೋವು ಬಂದು ಬೇಗ ಮನೆಗೆ ಬಂದಳು. ಬಾಗಿಲು ತೆರೆದರೆ, ಹಾಲ್‌ನ ನೆಲದ ಮೇಲೆ ಅಜ್ಜಿ ಕಾಲು ಚಾಚಿ ಕೂತಿದ್ದಾರೆ. ಎರಡು ಕಾಲಿನ ನಡುವೆ ಮಗು ಅಂಗಾತ ಮಲಗಿದೆ. ಅಜ್ಜಿಯ ಬಲಗೈಯಲ್ಲಿ ಬೆಳ್ಳಿಯ ಒಳಲೆ, ಎಡಗೈ ಮಗುವಿನ ಗಲ್ಲದ ಮೇಲೆ. ಒಳಲೆಯ ಮೂತಿಯಿಂದ ತೆಳ್ಳಗಿನ ರಾಗಿ ಗಂಜಿ ಬಾಯೊಳಗೆ ಇಳಿಯುತ್ತಿದೆ. ಮಗು ಒಂದು ಗುಟುಕು ನುಂಗುವಷ್ಟರಲ್ಲಿ ಇನ್ನೊಂದು. ತಾತ ಎದುರಿಗೆ ಕೂತು ಫೋನಿನಲ್ಲಿ ಹಸು, ನಾಯಿ ತೋರಿಸುತ್ತಿದ್ದಾರೆ.

ಆಕೆ ಕಿರುಚಿದಳಂತೆ. ಅಜ್ಜಿ ಏನೂ ಮಾತಾಡದೆ ಒಳಲೆ ತೊಳೆದಿಟ್ಟು, ರೂಮಿಗೆ ಹೋಗಿ ಬಟ್ಟೆ ಮಡಿಸತೊಡಗಿದರಂತೆ. ಊರಿಗೆ ಹೊರಡಲು. ಮಗ ಸಂಜೆ ಬಂದು ಇಬ್ಬರ ಹತ್ತಿರವೂ “ಸುಮ್ನಿರಿ ಈಗ” ಅಂದದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಮಾರನೇ ದಿನ ಆಕೆ ನನ್ನ ಮುಂದೆ ಕೂತಿದ್ದಳು.

ಕಾಲ ಮೇಲೆ ಮಲಗಿಸಿ ಗಂಜಿ ಸುರಿಯುವುದು ಅಪಾಯ. ಅದರಲ್ಲಿ ಎರಡು ಮಾತಿಲ್ಲ. ಮಲಗಿದ ಮಗುವಿನ ಬಾಯಿಗೆ ದ್ರವ ಸುರಿದಾಗ ಅದು ಶ್ವಾಸನಾಳಕ್ಕೆ ಇಳಿಯಬಹುದು. ಒಳಲೆಯದು ತಪ್ಪಲ್ಲ. ತೂಕ ಕಡಿಮೆ ಇರುವ ಎಳೆ ಶಿಶುಗಳಿಗೆ ಹಿಂಡಿದ ಎದೆಹಾಲು ಕುಡಿಸಲು ಇವತ್ತಿಗೂ ಆಸ್ಪತ್ರೆಗಳಲ್ಲಿ ಒಳಲೆ ಬಳಸುತ್ತಾರೆ. ತಲೆ ಎತ್ತಿ ಹಿಡಿದು, ನಿಧಾನವಾಗಿ, ಮಗು ನುಂಗಿದ ಮೇಲೆ ಮುಂದಿನ ಗುಟುಕು. ವ್ಯತ್ಯಾಸ ಅಷ್ಟೇ, ಆದರೆ ಅದೇ ದೊಡ್ಡದು.

ನಾನು ಮಗುವನ್ನು ತೂಗಿದೆ. 7.1 ಕೆಜಿ. ಮಗುವಿನ ತೂಕ, ಲಸಿಕೆ ಬರೆದಿಡುವ ‘ತಾಯಿ ಕಾರ್ಡ್’ ತೆರೆದು ನೋಡಿದೆ. ಹುಟ್ಟಿದಾಗ 2.9. ಆರು ತಿಂಗಳಿಗೆ 7.0. ಏಳಕ್ಕೆ ತೂಗಿಸಿಯೇ ಇರಲಿಲ್ಲ. ಆ ಕಾರ್ಡಿನ ಬೆಳವಣಿಗೆ ನಕ್ಷೆಯಲ್ಲಿ ಹೆಣ್ಣು ಮಕ್ಕಳ ಮಧ್ಯದ ಗೆರೆ ಆರು ತಿಂಗಳಿಗೆ 7.3, ಎಂಟು ತಿಂಗಳಿಗೆ 7.9. ಅಂದರೆ ಆ ಗೆರೆ ಎರಡು ತಿಂಗಳಲ್ಲಿ 600 ಗ್ರಾಂ ಏರುವಾಗ, ಈ ಮಗು ಏರಿದ್ದು 100 ಗ್ರಾಂ. ಕಾರ್ಡಿನಲ್ಲಿ ಚುಕ್ಕಿ ಇನ್ನೂ ಹಸಿರು ಪಟ್ಟಿಯೊಳಗೇ ಇತ್ತು. ಹಸಿರಿದೆ ಅಂತ ಎಷ್ಟೋ ಮನೆಗಳಲ್ಲಿ ನಿಶ್ಚಿಂತೆಯಾಗಿರುತ್ತಾರೆ. ಚುಕ್ಕಿ ಎಲ್ಲಿದೆ ಅನ್ನೋದಕ್ಕಿಂತ ಗೆರೆ ಯಾವ ಕಡೆ ಹೋಗುತ್ತಿದೆ ಅಂತ ನೋಡಬೇಕು. ಇದು ಮಲಗಿಬಿಟ್ಟಿತ್ತು.

“ನಾಳೆ ಅತ್ತೆಯನ್ನೂ ಕರಕೊಂಡು ಬಾಮ್ಮ” ಅಂದೆ. “ಮಾವನವರನ್ನು, ಗಂಡನನ್ನು ಕೂಡ.”

ಆಕೆಗೆ ಇಷ್ಟವಿರಲಿಲ್ಲ. ಆದರೂ ಕರೆತಂದಳು.

ಅಜ್ಜಿ ಹೇಳಿದ್ದು

ಅಜ್ಜಿ ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ ಕೂತರು. ಸೆರಗನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಬೈಸಿಕೊಳ್ಳಲು ಬಂದವರ ಹಾಗೆ. ನಾನು ತೂಕದ ಮಾತು ಎತ್ತಲಿಲ್ಲ. “ಅಮ್ಮ, ದಿನಾ ಎಣ್ಣೆ ಹಚ್ಚಿ ನೀರು ಹಾಕೋದು ನೀವೇ ಅಲ್ವಾ? ಮಗು ಹೇಗಿದೆ ಅನ್ಸುತ್ತೆ ನಿಮಗೆ?” ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು ಬಂದು, ಸೊಸೆಯ ತೊಡೆಯ ಮೇಲಿದ್ದ ಮಗುವಿನ ಅಂಗಿ ಮೇಲೆತ್ತಿದರು. ಸೊಂಟದಲ್ಲಿ ಕಪ್ಪು ಉಡಿದಾರ. ಅದರೊಳಗೆ ತಮ್ಮ ಬೆರಳು ತೂರಿಸಿ ತೋರಿಸಿದರು.

“ನೋಡಿ ಮೇಡಮ್ಮೋರೆ. ತೊಟ್ಟಿಲಿಗೆ ಹಾಕಿದಾಗ ಕಟ್ಟಿದ್ದು. ಮೂರಕ್ಕೆ ಒಂದು ಸಲ ಬಿಚ್ಚಿ ಸಡಿಲ ಮಾಡಿದ್ರು ಬೀಗಿತ್ತಿ. ಐದರಲ್ಲಿ ನಮ್ಮನೆಗೆ ಬಂದಾಗ ಚರ್ಮ ಒತ್ತಿತ್ತು, ನಾನೇ ಬಿಚ್ಚಿ ಕಟ್ಟಿದೆ. ಆರರಲ್ಲಿ ಮತ್ತೆ. ಅಲ್ಲಿಂದ ಈಚೆಗೆ ಬಿಚ್ಚಿಲ್ಲ. ಎರಡು ತಿಂಗಳಾಯ್ತು. ಬೆರಳು ಹಂಗೇ ಓಡಾಡ್ತದೆ. ತೊಡೆ ಮಡಿಕೇನೂ ಕರಗಿದೆ. ನಾನು ಹೇಳಿದ್ರೆ ಯಾರು ಕೇಳ್ತಾರೆ?”

ಆ ದಾರದ ಗಂಟಿನ ಪಕ್ಕ, ಹಿಂದೆ ಗಂಟು ಬಿದ್ದಿದ್ದ ಜಾಗಗಳು ಇನ್ನೂ ಕಾಣುತ್ತಿದ್ದವು. ಸ್ವಲ್ಪ ಬಿಳಿಚಿಕೊಂಡ, ಹಿಸುಕಿದಂಥ ಮೂರು ಗುರುತು. ಕಾರ್ಡಿನಲ್ಲಿ ನಾನು ನೋಡಿದ ಗೆರೆಯೇ ಇಲ್ಲಿ ದಾರದಲ್ಲಿತ್ತು. ಏಳನೇ ತಿಂಗಳು ನಮ್ಮಲ್ಲಿ ಯಾರೂ ತೂಗದಿದ್ದಾಗಲೂ ಅಜ್ಜಿ ದಿನಾ ಬೆಳಿಗ್ಗೆ ಅಳೆಯುತ್ತಿದ್ದರು.

ಉಡಿದಾರ ತಕ್ಕಡಿಯಲ್ಲ, ನಿಜ. ಹೊಟ್ಟೆ ಉಬ್ಬರಿಸಿದರೂ ಅದು ಬಿಗಿಯಾಗುತ್ತದೆ. ಆದರೆ ಅಂಗನವಾಡಿಯಲ್ಲಿ ಮಗುವಿನ ತೋಳಿಗೆ ಬಣ್ಣದ ಪಟ್ಟಿ ಸುತ್ತಿ ಅಳೆಯುವುದು ಯಾಕೆ? ಮೈ ಕರಗಿದ್ದು ಸುತ್ತಳತೆಯಲ್ಲಿ ಬೇಗ ಗೊತ್ತಾಗುತ್ತದೆ ಅಂತಲೇ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ತೋಳು 12.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಅಪೌಷ್ಟಿಕತೆ, 11.5ಕ್ಕಿಂತ ಕಡಿಮೆ ಇದ್ದರೆ ತೀವ್ರ. ಈ ಮಗುವಿನದು 12.8 ಇತ್ತು. ಅಂಚಿಗೆ ಬಂದಿತ್ತು.

“ನೀವು ಹೇಳಿದ್ದು ಸರಿ ಇದೆ ಅಮ್ಮ” ಅಂದೆ. “ಮಗು ಎರಡು ತಿಂಗಳಿಂದ ಬೆಳೆದಿಲ್ಲ.” ಸೊಸೆಯ ಕಣ್ಣಲ್ಲಿ ನೀರು ಬಂತು. ಅಜ್ಜಿ ಗೆದ್ದೆ ಅನ್ನುವ ಮುಖ ಮಾಡಲಿಲ್ಲ. ಅವರೂ ಹೆದರಿದರು.

ಊಟ ಎಲ್ಲಿ ಸೋರಿತು

ಒಂದು ಇಡೀ ದಿನವನ್ನು ಗಂಟೆ ಗಂಟೆಗೆ ಹೇಳಿ ಅಂದೆ. ಇಬ್ಬರೂ ಒಟ್ಟಿಗೆ ಕೂತು ಹೇಳಿದ್ದು ಅದೇ ಮೊದಲು. ಅಲ್ಲೇ ಎಲ್ಲ ಗೊತ್ತಾಯಿತು.

ಬೆಳಿಗ್ಗೆ ತಾಯಿ ಎದೆಹಾಲು ಕೊಟ್ಟು, ತರಕಾರಿ ತುಂಡು ಇಟ್ಟು, ಹಾಲು ಹಿಂಡಿಟ್ಟು ಹೋಗುತ್ತಾಳೆ. ಮಗು ತುಂಡು ಹಿಡಿದು ಆಡುತ್ತದೆ, ಬಿಸಾಡುತ್ತದೆ. ಹನ್ನೊಂದಕ್ಕೆ ಅಜ್ಜಿ ಒಂದು ಲೋಟ ಗಂಜಿ ಕುಡಿಸುತ್ತಾರೆ. ಮೂರು ಗಂಟೆಗೆ ಇನ್ನೊಂದು ಲೋಟ. ಹೊಟ್ಟೆ ತುಂಬಿದ ಮಗು ಹಿಂಡಿಟ್ಟ ಹಾಲನ್ನು ಅರ್ಧಕ್ಕೇ ಬಿಡುತ್ತದೆ. ಸಂಜೆ ತಾಯಿ ಬಂದು ಉಳಿದ ಹಾಲು ನೋಡಿ, ಮಗು ಊಟ ಚೆನ್ನಾಗಿ ತಿನ್ನುತ್ತಿದೆ, ಅದಕ್ಕೇ ಹಾಲು ಕಡಿಮೆಯಾಗಿದೆ ಅಂದುಕೊಳ್ಳುತ್ತಾಳೆ. ಉಳಿದಿದೆಯಲ್ಲ ಅಂತ ಮಾರನೇ ದಿನ ಕಮ್ಮಿ ಹಿಂಡುತ್ತಾಳೆ. ಹಿಂಡಿದ್ದು ಕಮ್ಮಿಯಾದರೆ ಹಾಲೂ ಕಮ್ಮಿಯಾಗುತ್ತದೆ.

ಒಂದು ಲೋಟ ಗಂಜಿಗೆ ಹಿಟ್ಟು ಎಷ್ಟು ಅಂತ ಕೇಳಿದೆ. “ಎರಡು ಚಮಚ” ಅಂದರು, ಸಣ್ಣ ಚಮಚ. ಒಂದು ಚೂರು ಬೆಲ್ಲ. ಎಲ್ಲ ಸೇರಿ 40 ಕ್ಯಾಲೊರಿ ದಾಟುವುದಿಲ್ಲ. ಮಗುವಿನ ಹೊಟ್ಟೆ ಹಿಡಿಯುವುದು ಒಂದು ಕೆಜಿ ತೂಕಕ್ಕೆ ಸುಮಾರು 30 ಮಿಲಿ. ಏಳು ಕೆಜಿಯ ಮಗುವಿಗೆ 200 ಮಿಲಿ ಆಸುಪಾಸು. ಆ ಜಾಗವನ್ನು ಗಂಜಿ ನೀರು ತುಂಬಿಬಿಟ್ಟಿತು. ಅದೇ ಜಾಗದಲ್ಲಿ 150 ಮಿಲಿ ಎದೆಹಾಲು ಹೋಗಿದ್ದರೆ 100 ಕ್ಯಾಲೊರಿ ಸಿಗುತ್ತಿತ್ತು. ಎದೆಹಾಲು ಕುಡಿಯುವ ಮಗುವಿಗೆ ಆರರಿಂದ ಎಂಟು ತಿಂಗಳ ವಯಸ್ಸಿನಲ್ಲಿ ಹಾಲಿನ ಜೊತೆಗೆ ಊಟದಿಂದ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. ಸೊಸೆಯ ಕ್ಯಾರೆಟ್ ನೆಲಕ್ಕೆ ಬಿತ್ತು. ಅಜ್ಜಿಯ ಗಂಜಿ ನೀರಾಯಿತು. ಮಧ್ಯದಲ್ಲಿ ಎದೆಹಾಲೂ ಇಳಿಯಿತು.

“ಗಂಜಿ ಅಷ್ಟು ತೆಳ್ಳಗೆ ಯಾಕಮ್ಮ? ಊರಲ್ಲೂ ಹೀಗೇ ಮಾಡ್ತಿದ್ರಾ?”

ಇಲ್ಲವಂತೆ. ಊರಲ್ಲಿ ಸರಿ ಹಿಟ್ಟು ಅವರೇ ಮಾಡುತ್ತಿದ್ದರು. ರಾಗಿಯನ್ನು ರಾತ್ರಿಯಿಡೀ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಮೊಳಕೆಯ ಬಾಲ ಉಜ್ಜಿ ತೆಗೆದು, ಘಮ್ಮೆನ್ನುವಷ್ಟು ಹುರಿದು, ಬೀಸಿ, ತೆಳು ಪಂಚೆಯಲ್ಲಿ ಸೋಸುತ್ತಿದ್ದರು. ಫ್ಲ್ಯಾಟಿನಲ್ಲಿ ಒಣಗಿಸಲು ಜಾಗ ಎಲ್ಲಿ? ಸೊಸೆಗೆ ಗೊತ್ತಾಗಬಾರದು ಬೇರೆ. ಅಂಗಡಿಯ ರಾಗಿ ಹಿಟ್ಟನ್ನೇ ಕುದಿಸಿದರು. ಅದು ಬೇಗ ಗಟ್ಟಿಯಾಯಿತು. ಗಟ್ಟಿಯಾದರೆ ಗಂಟಲಿಗೆ ಸಿಕ್ಕೀತು ಅಂತ ನೀರು ಹಾಕಿದರು, ಮತ್ತೆ ಹಾಕಿದರು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಅಜ್ಜಿಯರ ಕೈಯಲ್ಲಿರುವ ಈ ವಿದ್ಯೆಯನ್ನು ನಾವು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಮೊಳಕೆ ಬರುವಾಗ ರಾಗಿಯೊಳಗೆ ಅಮೈಲೇಸ್ ಅನ್ನೋ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ಒಡೆಯುತ್ತದೆ. ಅದಕ್ಕೇ ಮೊಳಕೆ ರಾಗಿಯ ಸರಿ, ಹಿಟ್ಟು ಜಾಸ್ತಿ ಹಾಕಿದರೂ ಅಂಟಂಟಾಗುವುದಿಲ್ಲ. ಅಂದರೆ ಅದೇ ಒಂದು ಬಟ್ಟಲಿನಲ್ಲಿ ಎರಡರಷ್ಟು ಮೂರರಷ್ಟು ಹಿಟ್ಟು ಹಿಡಿಸಬಹುದು, ಮಗು ಸಲೀಸಾಗಿ ನುಂಗುತ್ತದೆ. ಕಬ್ಬಿಣ ಮೈಗೆ ಹತ್ತದಂತೆ ತಡೆಯುವ ಫೈಟೇಟ್ ಕೂಡ ಮೊಳಕೆಯಲ್ಲಿ ಇಳಿಯುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು 1980ರ ದಶಕದಲ್ಲೇ ಮೊಳಕೆ ರಾಗಿಗೆ ಮೊಳಕೆ ಹೆಸರುಕಾಳು ಸೇರಿಸಿ ಮಕ್ಕಳ ಆಹಾರ ರೂಪಿಸಿದ್ದು ಇದೇ ಗುಣ ನಂಬಿ. ಅಜ್ಜಿಗೆ ಕಿಣ್ವದ ಹೆಸರು ಗೊತ್ತಿರಲಿಲ್ಲ. “ಮೊಳಕೆ ಕಟ್ಟಿದ್ರೆ ಹಿಟ್ಟು ಸಿಹಿಯಾಗ್ತದೆ, ಜಾರ್ತದೆ” ಅಂದರು. ಎರಡೂ ನಿಜ.

ಗಂಟಲಿನ ಭಯಕ್ಕೂ ಕಾರಣವಿತ್ತು. ಅವರು ಮದುವೆಯಾಗಿ ಬಂದ ಹೊಸದರಲ್ಲಿ, ಪಕ್ಕದ ಮನೆಯ ಮಗುವೊಂದು ಕಡಲೆಬೀಜ ಗಂಟಲಿಗೆ ಸಿಕ್ಕಿ ತೀರಿಕೊಂಡಿತ್ತು. ಅವರ ಕಣ್ಣ ಮುಂದೆಯೇ. ಆಮೇಲೆ ಮೊಮ್ಮಗಳ ಕೈಯಲ್ಲಿ ಹಸಿ ಸೇಬಿನ ಹೋಳು ಕಂಡಾಗ ಅವರಿಗೆ ಏನಾಗಿರಬೇಡ? ಸೊಸೆ ಅದನ್ನು ಹಳೇ ಕಾಲದ ಹೆದರಿಕೆ ಅಂದುಕೊಂಡಿದ್ದಳು. ಹಸಿ ಸೇಬು, ಹಸಿ ಕ್ಯಾರೆಟ್ ಈ ವಯಸ್ಸಿಗೆ ನಿಜಕ್ಕೂ ಅಪಾಯ. ಬೆರಳಲ್ಲಿ ಹಿಸುಕಿದರೆ ನುಣ್ಣಗಾಗುವಷ್ಟು ಬೇಯಿಸಿದ್ದನ್ನೇ ಕೈಗೆ ಕೊಡಬೇಕು. ಓಕರಿಸುವುದು ಬೇರೆ, ಉಸಿರು ಕಟ್ಟುವುದು ಬೇರೆ ಅಂತ ಇಬ್ಬರಿಗೂ ತೋರಿಸಿದೆ. ಓಕರಿಸುವ ಮಗು ಸದ್ದು ಮಾಡುತ್ತದೆ, ಕೆಮ್ಮುತ್ತದೆ, ಕೆಂಪಾಗುತ್ತದೆ. ಆಗ ಬೆರಳು ಹಾಕಬಾರದು, ಬಿಡಬೇಕು. ಉಸಿರು ಕಟ್ಟಿದ ಮಗುವಿಗೆ ಸದ್ದು ಬರುವುದಿಲ್ಲ, ತುಟಿ ನೀಲಿಗಟ್ಟುತ್ತದೆ. ಆಗ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಿರುವಂತೆ ಹಿಡಿದು, ಬೆನ್ನಿನ ಮಧ್ಯೆ ಐದು ಏಟು. ಆಮೇಲೆ ತಿರುಗಿಸಿ, ಎದೆ ಮೂಳೆಯ ಮೇಲೆ ಐದು ಒತ್ತು. ಬೊಂಬೆ ಇಟ್ಟು ನಾಲ್ವರಿಂದಲೂ ಮಾಡಿಸಿದೆ. ಎಲ್ಲರಿಗಿಂತ ಚೆನ್ನಾಗಿ ಮಾಡಿದ್ದು ಅಜ್ಜಿ.

ನಾಲ್ಕು ತಿಂಗಳೋ ಆರು ತಿಂಗಳೋ

“ಇವನಿಗೆ ನಾಲ್ಕು ತಿಂಗಳಿಗೇ ಸರಿ ಶುರು ಮಾಡಿದ್ದೆ. ಡಾಕ್ಟ್ರೇ ಹೇಳಿದ್ರು. ಈಗ ನನ್ನನ್ನ ಏನೂ ತಿಳೀದೋಳು ಅಂತಾರೆ” ಅಂದರು ಅಜ್ಜಿ, ಮಗನ ಕಡೆ ಕೈ ತೋರಿಸಿ.

ಅವರು ಸುಳ್ಳು ಹೇಳುತ್ತಿರಲಿಲ್ಲ. ಮಗ ಹುಟ್ಟಿದ ಕಾಲಕ್ಕೆ ಡಾಕ್ಟರುಗಳ ಮಾತೇ ಅದಾಗಿತ್ತು. ನಾಲ್ಕರಿಂದ ಆರು ತಿಂಗಳೊಳಗೆ ಊಟ ಶುರು ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತಿತ್ತು. ಪೂರ್ತಿ ಆರು ತಿಂಗಳು ಎದೆಹಾಲು ಮಾತ್ರ ಅಂತ ಬದಲಾಗಿದ್ದು 2001ರಲ್ಲಿ. ನಮ್ಮ ದೇಶದ ಮಾರ್ಗಸೂಚಿ 2004ರಲ್ಲಿ ಬಂತು. ಇದನ್ನು ಅಜ್ಜಿಗೆ ಹೇಳಿದೆ, ಸೊಸೆ ಕೇಳಿಸಿಕೊಳ್ಳಲಿ ಅಂತ. ಅತ್ತೆ ತನ್ನ ಮಗನಿಗೆ ಆ ಕಾಲದ ಡಾಕ್ಟರ್ ಹೇಳಿದ್ದನ್ನು ಮಾಡಿದರು. ಸೊಸೆ ತನ್ನ ಮಗಳಿಗೆ ಈ ಕಾಲದ ಡಾಕ್ಟರ್ ಹೇಳಿದ್ದನ್ನು ಮಾಡುತ್ತಿದ್ದಾಳೆ. ಆಕೆ ಸ್ವಲ್ಪ ಹೊತ್ತಾದ ಮೇಲೆ, “ಇದು ನಂಗೆ ಗೊತ್ತಿರಲಿಲ್ಲ ಅತ್ತೆ” ಅಂದಳು.

ಆಗ ಇನ್ನೊಂದು ಮಾತು ಹೊರಗೆ ಬಂತು. ಅದನ್ನು ಹೇಳಿದ್ದು ತಾತ. ಹೆಣ್ಣು ಮಗು, ಏಳನೇ ತಿಂಗಳಲ್ಲಿ ಅನ್ನಪ್ರಾಶನ ಅಂತ ಅಜ್ಜಿ ಆಗಲೇ ದಿನ ನೋಡಿಸಿಟ್ಟಿದ್ದರು. ಬೆಳ್ಳಿ ಬಟ್ಟಲು ತೊಳೆಸಿಟ್ಟಿದ್ದರು. ಅಷ್ಟರಲ್ಲಿ ಸೊಸೆ ಆರು ತುಂಬಿದ ದಿನವೇ ಕ್ಯಾರೆಟ್ ಕೊಟ್ಟು, ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದಳು. ಮೊಮ್ಮಗಳ ಮೊದಲ ತುತ್ತನ್ನು ಅಜ್ಜಿ ನೋಡಿದ್ದು ತಾತನ ಫೋನಿನಲ್ಲಿ, ಪಕ್ಕದ ರೂಮಿನಲ್ಲೇ ಕೂತು. ಆಮೇಲೆ ಯಾರೂ ಶಾಸ್ತ್ರದ ಮಾತೆತ್ತಲಿಲ್ಲ. ಅಜ್ಜಿಯೂ ಎತ್ತಲಿಲ್ಲ.

ಸೊಸೆಗೆ ಇದು ಹೊಳೆದೇ ಇರಲಿಲ್ಲ. ನನಗೂ ಇಂಥದ್ದೊಂದು ಇರಬಹುದು ಅಂತ ತೋಚಿರಲಿಲ್ಲ. ಇವತ್ತು ಪ್ರತಿ ಮನೆಯವರಿಗೂ ಮೊದಲು ಕೇಳುವ ಪ್ರಶ್ನೆ ಇದೇ: ಮೊದಲ ತುತ್ತು ಯಾರು ಕೊಟ್ಟರು?

ಏನು ಮಾಡಿದೆವು

ಮೊದಲು ಡಾಕ್ಟರ್ ರಕ್ತ ನೋಡಿದರು. ಹಿಮೋಗ್ಲೋಬಿನ್ 9.8. ಹುಟ್ಟುವಾಗ ಮಗು ತರುವ ಕಬ್ಬಿಣದ ದಾಸ್ತಾನು ಆರು ತಿಂಗಳ ಹೊತ್ತಿಗೆ ಕರಗಿರುತ್ತದೆ, ಎದೆಹಾಲಿನಲ್ಲಿ ಕಬ್ಬಿಣ ತೀರಾ ಕಮ್ಮಿ. ಊಟದಿಂದ ಬರಬೇಕಾದ್ದು ಬಂದಿರಲಿಲ್ಲ. ಇದು ಈ ಮನೆಯೊಂದರ ಕತೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 67.1 ಮಕ್ಕಳಿಗೆ ರಕ್ತಹೀನತೆ ಇತ್ತು. ಕಬ್ಬಿಣದ ಹನಿ ಬರೆದುಕೊಟ್ಟರು. ಮಲ ಕಪ್ಪಗಾಗುತ್ತದೆ, ಗಾಬರಿ ಬೇಡ ಅಂತ ಅಜ್ಜಿಗೆ ಮೊದಲೇ ಹೇಳಿದೆ. ಹೇಳದಿದ್ದರೆ ಮೂರನೇ ದಿನಕ್ಕೇ ಅದು ನಿಂತುಹೋಗುತ್ತಿತ್ತು.

ಸರಿ ಹಿಟ್ಟಿನ ಕೆಲಸ ಪೂರ್ತಿ ಅಜ್ಜಿಗೆ ಬಿಟ್ಟೆವು. ಮಗ ಅಪಾರ್ಟ್‌ಮೆಂಟಿನವರ ಹತ್ತಿರ ಮಾತಾಡಿ ಟೆರೇಸ್ ಬೀಗದ ಕೈ ತಂದ. ನೀರಿನ ಟ್ಯಾಂಕಿನ ನೆರಳಲ್ಲಿ ಬಿಳಿ ಪಂಚೆ ಹಾಸಿ ರಾಗಿ ಹರವಿದ ಫೋಟೋ ಅದೇ ವಾಟ್ಸಾಪ್ ಗುಂಪಿಗೆ ಬಂತು, ಈ ಸಲ ಸೊಸೆಯೇ ಹಾಕಿದಳು. ಬೆಲ್ಲ ಬಿಟ್ಟೆವು. ಬದಲಿಗೆ ಹುರಿದ ಹೆಸರುಬೇಳೆ ಪುಡಿ, ಒಂದು ಚಮಚ ತುಪ್ಪ. ಮೊದಲು 40 ಕ್ಯಾಲೊರಿ ಇದ್ದ ಲೋಟದ ಜಾಗಕ್ಕೆ 130–140 ಕ್ಯಾಲೊರಿಯ ಅರ್ಧ ಬಟ್ಟಲು ಬಂತು. ಗುರುತು ಇಷ್ಟೇ: ಚಮಚ ಓರೆ ಮಾಡಿದರೆ ಸರಿ ಹರಿದು ಬೀಳಬಾರದು, ಮೆಲ್ಲಗೆ ಜಾರಬೇಕು. ಮಧ್ಯಾಹ್ನ ಮೆತ್ತಗೆ ಕಿವುಚಿದ ಅನ್ನ, ಬೇಳೆ, ಸೊಪ್ಪು, ಎರಡು ಹನಿ ನಿಂಬೆರಸ. ಕಬ್ಬಿಣ ಮೈಗೆ ಹತ್ತಲು ನಿಂಬೆಯ ಹುಳಿ ನೆರವಾಗುತ್ತದೆ. ಎದೆಹಾಲು ಮೊದಲಿನಂತೆ, ಹಿಂಡುವುದನ್ನು ಜಾಸ್ತಿ ಮಾಡಿ, ಎರಡು ವರ್ಷದ ತನಕ.

ಮಗು ಕೂತೇ ತಿನ್ನಬೇಕು ಅನ್ನೋ ವಿಷಯದಲ್ಲಿ ನಾನು ಜಗ್ಗಲಿಲ್ಲ. ಕಾಲ ಮೇಲೆ ಮಲಗಿಸುವುದು ಎಣ್ಣೆಸ್ನಾನಕ್ಕೆ ಮಾತ್ರ. ಬಾಯಿ ತೆರೆದರೆ ಕೊಡಿ, ಮುಖ ತಿರುಗಿಸಿದರೆ ನಿಲ್ಲಿಸಿ. ಒಳಲೆಯನ್ನು ಎತ್ತಿಡಬೇಡಿ ಅಂದೆ. ಊಟದ ಮಧ್ಯೆ ನೀರಿಗೆ ಅದೇ ಇರಲಿ, ಮಗು ನೆಟ್ಟಗೆ ಕೂತಿರುವಾಗ ಒಂದೊಂದೇ ಗುಟುಕು. ಆ ಒಳಲೆ ಅವರ ತಾಯಿ ಕೊಟ್ಟದ್ದು. ಕೈಗೆ ಕೊಡುವ ಊಟವನ್ನೂ ಬಿಡಲಿಲ್ಲ. ಸೊಸೆ ಇಷ್ಟಪಟ್ಟು ಶುರು ಮಾಡಿದ್ದು, ಮಗುವಿಗೂ ಅದರಲ್ಲಿ ಸಂತೋಷವಿತ್ತು. ಸರಿ ತಿನ್ನಿಸುವಾಗಲೇ ತಟ್ಟೆಯ ಮೇಲೆ ಇಡ್ಲಿ ಚೂರು, ಬೆಂದ ಸಿಹಿಗೆಣಸು, ಬಾಳೆಹಣ್ಣು. ಬಾಳೆಹಣ್ಣು ಶೀತ ಅಂತ ಅಜ್ಜಿ ಮಳೆಗಾಲದಲ್ಲಿ ಕೊಡಲಿಲ್ಲ. ಅದಕ್ಕೆ ನಾನು ಜಗಳ ಆಡಲಿಲ್ಲ, ಬೇರೆ ಹಣ್ಣಿತ್ತಲ್ಲ.

ತಾತನದು ಬೇರೆ ಅನುಮಾನ. “ಹಸುವಿನ ಹಾಲು ಕುಡಿದೇ ನಾವೆಲ್ಲ ಬೆಳೆದದ್ದು.” ಹಸುವಿನ ಹಾಲಿನಲ್ಲಿ ಕಬ್ಬಿಣ ಕಮ್ಮಿ, ಜಾಸ್ತಿ ಕುಡಿದರೆ ಎಳೆ ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತವೂ ಹೋಗುತ್ತದೆ, ಈಗಲೇ ರಕ್ತ ಕಮ್ಮಿ ಇರುವ ಮಗು ಅಂದೆ. ರಿಪೋರ್ಟನ್ನು ಕೈಗೆ ತಗೊಂಡು ಎರಡು ಸಲ ಓದಿದರು. ವರ್ಷ ತುಂಬುವ ತನಕ ಮೊಸರು ಊಟದ ಜೊತೆ ಸಾಕು ಅಂತ ಒಪ್ಪಿದರು. ಊರಿಂದ ತಂದಿದ್ದ ಹೆಜ್ಜೇನಿನ ಶೀಶೆಯನ್ನು ಅವರೇ ಮೇಲಿನ ಅಟ್ಟಕ್ಕೆ ಇಟ್ಟರು. ಜೇನಿನಲ್ಲಿ ಬಾಟುಲಿಸಂ ರೋಗಾಣುವಿನ ಬೀಜಕಗಳಿರಬಹುದು, ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಅವು ಮೊಳೆತು ವಿಷ ಬಿಡುತ್ತವೆ, ಒಂದು ನೆಕ್ಕು ಕೂಡ ಬೇಡ ಅಂತ ಗಟ್ಟಿಯಾಗಿ ಹೇಳಿದ್ದೆ. ಫೋನಿನ ಹಸುವಿನ ಬದಲು ಬಾಲ್ಕನಿಯ ಪಾರಿವಾಳ ಬಂತು.

ಮಗನಿಗೆ ಒಂದು ಮಾತು ಹೇಳಲೇಬೇಕಿತ್ತು. ಅತ್ತೆಗೆ ಹೇಳಬೇಕಾದ್ದನ್ನು ಸೊಸೆಯ ಬಾಯಲ್ಲಿ ಹೇಳಿಸಬೇಡಿ, ನಿಮ್ಮ ಅಮ್ಮನಿಗೆ ನೀವೇ ಹೇಳಿ. ಇಬ್ಬರ ನಡುವೆ ಸುಮ್ಮನಿದ್ದರೆ ಹೊಡೆತ ಬೀಳೋದು ಮಗುವಿನ ತೂಕಕ್ಕೆ. ಬೆಳಗಿನ ಸರಿ ತಿನ್ನಿಸುವುದು, ತಿಂಗಳಿಗೊಮ್ಮೆ ತೂಗಿಸುವುದು ಆತನ ಪಾಲಿಗೆ. ಮೊದಲ ವಾರ ಅಂಗಿ ತುಂಬ ಸರಿ ಮಾಡಿಕೊಂಡು ಆಫೀಸಿಗೆ ತಡವಾಗಿ ಹೋದನಂತೆ. ಆದರೆ ಬಿಡಲಿಲ್ಲ.

ಅನ್ನಪ್ರಾಶನ ಒಂಬತ್ತನೇ ತಿಂಗಳಲ್ಲಿ ಆಯಿತು, ಮನೆಯಲ್ಲೇ. ಬೆಲ್ಲದ ಪಾಯಸ ನೆಕ್ಕಿಸಬಹುದಾ ಅಂತ ಸೊಸೆ ನನಗೆ ಫೋನ್ ಮಾಡಿದಳು. ನೆಕ್ಕಿಸಿ ಅಂದೆ. ಶಾಸ್ತ್ರಕ್ಕೆ ಬೆರಳ ತುದಿಯ ಬೆಲ್ಲ ಒಂದು ದಿನದ್ದು, ಆ ಬೆರಳು ಅಜ್ಜಿಯದಾಗಿರಬೇಕು.

ಉಪ್ಪಿನ ವಿಷಯ ಮಾತ್ರ ಪೂರ್ತಿ ಬಗೆಹರಿಯಲಿಲ್ಲ. ಉಪ್ಪಿಗಿಂತ ರುಚಿಯಿಲ್ಲ ಅಂತ ಗಾದೆ ಹೇಳಿದರು ಅಜ್ಜಿ. ಮಗುವಿನ ಮೂತ್ರಪಿಂಡ ಇನ್ನೂ ಎಳೆಯದು, ಬೇಕಾದಷ್ಟು ಉಪ್ಪು ಹಾಲಿನಲ್ಲೂ ಬೇಳೆಯಲ್ಲೂ ಇದೆ ಅಂದೆ. ತಲೆ ಆಡಿಸಿದರು, ಒಪ್ಪಿಗೆಯಾಗಿ ಅಲ್ಲ. ವರ್ಷದ ತನಕ ಹಾಕಲ್ಲ ಅಂತ ಮಾತು ಕೊಟ್ಟರು. ಒಮ್ಮೆ ಹಾಕಿದೆ ಅಂತ ಆಮೇಲೆ ಅವರೇ ಬಂದು ಹೇಳಿದರು.

ಹತ್ತನೇ ತಿಂಗಳು

ಒಂಬತ್ತಕ್ಕೆ 7.5 ಕೆಜಿ. ಹತ್ತಕ್ಕೆ 8.0. ಹಿಮೋಗ್ಲೋಬಿನ್ 10.9. ತೋಳು 13.6. ಮಧ್ಯದ ಗೆರೆಗೆ ಇನ್ನೂ ಅರ್ಧ ಕೆಜಿ ಕಮ್ಮಿ ಇದೆ, ಆದರೆ ಗೆರೆ ಎದ್ದು ನಡೆಯುತ್ತಿದೆ.

ನಮ್ಮ ಕ್ಲಿನಿಕ್ಕಿನ ಹಾಳೆಯನ್ನು ಹೊಸದಾಗಿ ಬರೆದೆ. ಮೊದಲು ಅದರಲ್ಲಿ ಬೇಡದ್ದೇ ತುಂಬಿತ್ತು. ಈಗ ಮೊದಲ ಪುಟದಲ್ಲಿ ಏನು ಕೊಡಬೇಕು, ಎಷ್ಟು ದಪ್ಪ ಇರಬೇಕು, ಎಷ್ಟು ಸಲ ಅಂತಷ್ಟೇ ಇದೆ. ಬೇಡದ್ದು ಹಿಂದಿನ ಪುಟಕ್ಕೆ ಹೋಯಿತು, ಪ್ರತಿಯೊಂದಕ್ಕೂ ಯಾಕೆ ಅಂತ ಒಂದು ಸಾಲು ಸೇರಿತು. ಸರಿ ಹಿಟ್ಟು ಮಾಡುವ ಬಗೆ ಈ ಅಜ್ಜಿ ಹೇಳಿದ ಹಾಗೇ ಬರೆದಿದ್ದೇನೆ. ಆರು ತಿಂಗಳ ಲಸಿಕೆಗೆ ಬರುವಾಗ ಮನೆಯಲ್ಲಿ ಮಗುವನ್ನು ಹಗಲು ನೋಡಿಕೊಳ್ಳುವವರೂ ಬರಲಿ ಅಂತ ಮೊದಲೇ ಫೋನ್ ಮಾಡಿ ಹೇಳುತ್ತೇವೆ.

ಹತ್ತನೇ ತಿಂಗಳ ಭೇಟಿಗೆ ಅಜ್ಜಿಯೇ ಮಗುವನ್ನು ಎತ್ತಿಕೊಂಡು ಬಂದರು, ಸೊಸೆ ಹಿಂದಿನಿಂದ ಚೀಲ ಹಿಡಿದು. ತೂಕ ಆದ ಮೇಲೆ ಅಂಗಿ ಎತ್ತಿ ತೋರಿಸಿದರು. ಹಳೇ ದಾರದಲ್ಲಿ ಸಡಿಲಿಸಲು ಉದ್ದ ಉಳಿದಿರಲಿಲ್ಲವಂತೆ. ಹೊಸ ಉಡಿದಾರ, ಗಂಟಿನಾಚೆ ನಾಲ್ಕು ಬೆರಳಷ್ಟು ತುದಿ ಬಿಟ್ಟು ಕಟ್ಟಿದ್ದರು.

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು. “ಮೇಡಮ್ಮೋರೆ, ಮುದ್ದೆ ಯಾವಾಗ ಕೊಡಬಹುದು?”

“ಈಗಲೇ ಕೊಡಿ ಅಮ್ಮ, ಮೆತ್ತಗೆ ಮಾಡಿ. ಕಡಲೆಕಾಳಿನಷ್ಟು ಚೂರು ಮಾಡಿ, ಉಪ್ಪು ಖಾರ ಹಾಕೋ ಮೊದಲು ತೆಗೆದಿಟ್ಟ ಬೇಳೆ ಕಟ್ಟಿನಲ್ಲಿ ಅದ್ದಿ.”

“ಕೇಳಿಸ್ಕೊಂಡೆಯೇನಮ್ಮ?” ಅಂದರು ಸೊಸೆಯ ಕಡೆ ತಿರುಗಿ. ಆಕೆ ಆಗಲೇ ಫೋನಿನಲ್ಲಿ ಬರೆದುಕೊಳ್ಳುತ್ತಿದ್ದಳು.